ಗೋಡೆಯ ಮೇಲಿನ ಸೂರ್ಯವಂಶ

ಹಜಾರಿಗೆ ಚರಿತ್ರೆಯ ಹುಚ್ಚು ಹಿಡಿದದ್ದು ಅರವತ್ತರ ಹತ್ತಿರ ಬಂದ ಮೇಲೆ. ಆ ವಯಸ್ಸಿನಲ್ಲಿ ಉಳಿದ ಗಂಡಸರಿಗೆ ಮಂಡಿನೋವು ಬರುತ್ತದೆ, ಇಲ್ಲವೆ ದೇವರ ಮೇಲೆ ಭಕ್ತಿ ಬರುತ್ತದೆ. ಇವನಿಗೆ ಬಂದದ್ದು ಚಕ್ರವರ್ತಿಗಳು. ಅದೂ ಒಬ್ಬಿಬ್ಬರಲ್ಲ, ಗೋಡೆ ತುಂಬ.

ಗೋಡೆ ದೇವಖೇಡಾದ ಸಮಾಜ ಭವನದ್ದು. ಕಲ್ಲುಗಣಿಯ ಲಾರಿಗಳಲ್ಲಿ ದುಡಿದ ಹಣದಿಂದ ಹಜಾರಿ ಅದನ್ನು ಕಟ್ಟಿಸಿದ್ದ. ಅಜ್ಮೇರದಿಂದ ಒಬ್ಬ ನಿವೃತ್ತ ಇತಿಹಾಸದ ಮಾಸ್ತರನನ್ನು ಕರೆಸಿ, ಎರಡು ಹೊತ್ತು ತುಪ್ಪದ ಬಾಟಿ ತಿನ್ನಿಸಿ, ತಮ್ಮ ಗುರ್ಜರ ಜಾತಿಯ ವಂಶವೃಕ್ಷ ಬರೆಸಿದ. ತುದಿಯಲ್ಲಿ ಸೂರ್ಯ. ಅವನ ಕೆಳಗೆ ಕನೌಜದ ಗದ್ದುಗೆ ಆಳಿದ ದೊರೆಗಳು, ಅವರ ಕೆಳಗೆ ಕೋಟೆ ಕಟ್ಟಿದವರು, ಗಂಗೆಯ ಕಡೆ ಬಿಳಿಯರ ಮೇಲೆ ತಿರುಗಿಬಿದ್ದವರು, ಕೊಟ್ಟ ಕೊನೆಗೆ ಬಲಮೂಲೆಯಲ್ಲಿ ಕೆಂಪು ಪೇಟ ಸುತ್ತಿಕೊಂಡು ಹಜಾರಿ. ಚಿತ್ರ ಬಿಡಿಸಿದವನು ಲಾರಿಗಳ ಹಿಂಭಾಗಕ್ಕೆ ನವಿಲು, ಕಮಲ ಬರೆಯುತ್ತಿದ್ದ ಹುಡುಗ. ಅವನಿಗೆ ಮೀಸೆಯ ಗಂಡಸಿನ ಮುಖ ಬರೆಯಲು ಬರುತ್ತಿದ್ದದ್ದು ಒಂದೇ ಥರ. ಹೀಗಾಗಿ ಸೂರ್ಯನ ಮೊಮ್ಮಗನಿಂದ ಹಿಡಿದು ಹಜಾರಿಯವರೆಗೆ ಎಲ್ಲರಿಗೂ ಒಂದೇ ಮುಖ ಬಂತು. ಹಜಾರಿ ಅದನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡ.

"ನೋಡಿದ್ರಾ, ರಕ್ತ ಹೆಂಗೆ ಒಂದೇ ಥರ ಹರಕೊಂಡು ಬಂದಿದೆ," ಅಂದ.

ಉದ್ಘಾಟನೆಯ ದಿನ ಊರೆಲ್ಲ ಆ ಗೋಡೆಗೆ ಕೈಮುಗಿಯಿತು. ಮುಗಿಯದೆ ನಿಂತವಳು ಸಾಯರಿ ಒಬ್ಬಳೇ. ಸಾಯರಿ ಹಜಾರಿಗೆ ಕಾಕಿ, ಅಂದರೆ ಅವನ ಅಪ್ಪನ ತಮ್ಮ ಲಾದುವಿನ ಹೆಂಡತಿ. ವಯಸ್ಸಿನಲ್ಲಿ ಅವನಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಬಾಯಲ್ಲಿ ಇನ್ನೂ ದೊಡ್ಡವಳು. ಅವಳು ಗೋಡೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು.

"ಯಾಕೋ ಹಜಾರಿ, ಇದರಲ್ಲಿ ಒಂದು ಹೆಂಗಸೂ ಇಲ್ವಲ್ಲೋ. ಇಷ್ಟೂ ಗಂಡಸರು ಗಂಡಸರ ಹೊಟ್ಟೇಲೇ ಹುಟ್ಟಿದ್ರಾ?"

ಹೆಂಗಸರ ಸಾಲಿನಲ್ಲಿ ಸೆರಗಿನೊಳಗೆ ನಗು ಎದ್ದಿತು. ಹಜಾರಿ ಕೇಳಿಸದವನಂತೆ ಮಾಸ್ತರನಿಗೆ ಹಾರ ಹಾಕಿದ.

ಸಾಯರಿಗೆ ಗುರ್ಜರರ ಚರಿತ್ರೆಯ ಮೇಲೆ ಸಿಟ್ಟೇನಿರಲಿಲ್ಲ. ದೊರೆಗಳಿದ್ದರೆ ಇದ್ದಿರಬಹುದು, ಆಳಿದ್ದರೆ ಆಳಿರಬಹುದು, ಅವಳಪ್ಪನ ಗಂಟೇನು ಹೋಯಿತು? ಅವಳಿಗೆ ಮೈ ಉರಿಯುತ್ತಿದ್ದದ್ದು ಈ ಲಾರಿ ಮಾಲೀಕನ ನಾಟಕಕ್ಕೆ. ಕೆಲವು ವರ್ಷಗಳ ಹಿಂದೆ ಇದೇ ಹಜಾರಿ ಮೀಸಲಾತಿ ಬೇಕೆಂದು ರೈಲು ಹಳಿಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದ. ನಾವು ಕಾಡುಮೇಡು ಅಲೆಯುವ ದನಗಾಹಿಗಳು, ನಮ್ಮನ್ನು ಬುಡಕಟ್ಟಿನವರ ಜೊತೆ ಸೇರಿಸಿ ಎಂದು ಗಂಟಲು ಹರಿಯುವಂತೆ ಕೂಗಿದ್ದ. ಹಳಿಯ ಮೇಲೆ ದನಗಾಹಿ, ಗೋಡೆಯ ಮೇಲೆ ಚಕ್ರವರ್ತಿ. ಎರಡನ್ನೂ ಒಂದೇ ಬಾಯಲ್ಲಿ ಹೇಳಲು ಅವನಿಗೆ ನಾಚಿಕೆಯಾಗಲಿಲ್ಲ. ಮತ್ತೆ ಆ ಗೋಡೆಯ ಮೇಲೆ ಏನೇನು ಇರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅವಳ ಅಜ್ಜಿಯ ಅಜ್ಜಿ ಠಾಕೂರನ ಅರಮನೆಯಲ್ಲಿ ಅವನ ಮಗನಿಗೆ ಎದೆಹಾಲು ಕೊಟ್ಟವಳು. ಮನೆಯಲ್ಲಿ ಸ್ವಂತ ಕೂಸಿಗೆ ಮೇಕೆ ಹಾಲು ಹಿಡಿಸಿ, ಅಲ್ಲಿ ದೊರೆಮಗನನ್ನು ಬೆಳೆಸಿದವಳು. ದೊರೆಗಳ ಜೊತೆ ಗುರ್ಜರರಿಗಿದ್ದ ನಿಜವಾದ ನಂಟು ಅದೇ, ಆದರೆ ಅದನ್ನು ಬರೆಯಲು ಮಾಸ್ತರನಿಗೆ ಜಾಗ ಸಾಲಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಾಯರಿ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಹುಚ್ಚು ಗೋಡೆಯಿಂದ ಇಳಿದು ಕೆರೆಗೆ ಬಂತು.

ದೀಪಾವಳಿಯ ಬೆಳಿಗ್ಗೆ ಗುರ್ಜರರು ಕೆರೆಯಲ್ಲಿ ಹಿರಿಯರಿಗೆ ನೀರು ಬಿಡುತ್ತಾರೆ. ಅದಕ್ಕೆ ಛಾಂಟ್ ಎಂದು ಹೆಸರು. ಒಂದೊಂದು ಮನೆಯವರೂ ಉತ್ತರಾಣಿ ಕಡ್ಡಿ, ಹಸಿ ಹುಲ್ಲು ಕಿತ್ತು ಹೊಸೆದು ತಮ್ಮ ಪಾಲಿನ ಬಳ್ಳಿ ತರಬೇಕು. ಎಲ್ಲರ ಬಳ್ಳಿಗಳನ್ನೂ ಒಂದಕ್ಕೊಂದು ಗಂಟು ಹಾಕಿ ಉದ್ದಕ್ಕೆ ಒಂದೇ ಬಳ್ಳಿ ಮಾಡುತ್ತಾರೆ. ಕುಲದ ಗಂಡಸರೆಲ್ಲ, ಹಣ್ಣು ಮುದುಕನಿಂದ ಹಿಡಿದು ತೋಳಿನ ಮೇಲಿನ ಕೂಸಿನವರೆಗೆ, ಅದನ್ನು ಹಿಡಿದು ನೀರಿಗಿಳಿದು ಮುಳುಗಿಸುತ್ತಾರೆ. ಆಮೇಲೆ ಆಯಾ ಮನೆಯ ಸತ್ತವರ ಹೆಸರು ಹೇಳಿ ಖೀರು, ಚೂರ್ಮಾದ ಸಿಹಿ ಉಂಡೆ ನೀರಿಗೆ ಬಿಡುತ್ತಾರೆ. ಬಳ್ಳಿ ಹಿಡಿಯುವ ಕೈ ಇಲ್ಲದ ಮನೆಯ ಸತ್ತವರಿಗೆ ಆ ವರ್ಷ ಪಾಲಿಲ್ಲ.

ಲಾದು ಶ್ರಾವಣದಲ್ಲಿ ತೀರಿಕೊಂಡಿದ್ದ. ಇದು ಅವನಿಗೆ ಮೊದಲನೆಯ ನೀರು. ಬಿಡಬೇಕಾದವನು ಪೋಖರ.

ಪೋಖರ ಲಾದುವಿಗೆ ಹುಟ್ಟಿದವನಲ್ಲ. ಸಾಯರಿಯ ಮೊದಲ ಗಂಡ ಕುಡಿದು ಬಂದು ಎಮ್ಮೆಯ ಹಗ್ಗದಿಂದ ಹೊಡೆಯುತ್ತಿದ್ದ. ಒಂದು ದಿನ ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ತವರಿಗೆ ನಡೆದುಬಂದಳು. ಆರು ತಿಂಗಳಾದ ಮೇಲೆ ಅವಳ ಅಣ್ಣ, ಲಾದುವಿನ ಮನೆಯವರ ಜೊತೆ ಮಾತಾಡಿ, ನಾತಾ ಮಾಡಿಸಿದ. ಮಂತ್ರವಿಲ್ಲ, ಕುದುರೆ ಮೆರವಣಿಗೆಯಿಲ್ಲ, ಬಳೆ ತೊಡಿಸಿ ಎರಡನೆಯ ಗಂಡನ ಮನೆಗೆ ಕಳಿಸುವುದು, ಅಷ್ಟೇ. ಅಲ್ಲಿಯವರೆಗೆ ಅವಳು ಲಾದುವಿನ ಮುಖ ನೋಡಿದವಳಲ್ಲ. ಲಾದು ಸೊಂಟದ ಮೇಲಿದ್ದ ಕೂಸನ್ನು ನೋಡಿ, "ಇದು ಹಾಲು ಕುಡಿಯತ್ತಾ, ರೊಟ್ಟಿ ತಿನ್ನತ್ತಾ?" ಎಂದು ಕೇಳಿದ್ದ. ಬೇರೇನೂ ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ. ಆ ವರ್ಷದ ದೀಪಾವಳಿಗೇ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿದು, ಅದರ ಮುಷ್ಟಿಯಲ್ಲಿ ಬಳ್ಳಿ ಇಟ್ಟು, "ಗಟ್ಟಿ ಹಿಡ್ಕೋ, ಜಾರತ್ತೆ" ಅಂದಿದ್ದ. ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಪ್ರತಿ ವರ್ಷ ಪೋಖರ ಬಳ್ಳಿ ಹಿಡಿದ, ಲಾದುವಿನ ಚಿತೆಗೂ ಅವನೇ ಬೆಂಕಿಯಿಟ್ಟ, ಊರಿನ ಒಂದು ನಾಯಿಯೂ ಬೊಗಳಲಿಲ್ಲ.

ಈಗ ಹಜಾರಿ ಬೊಗಳಿದ. ಈ ಸಲದ ಛಾಂಟ್ ನೋಡಲು ಜೈಪುರದಿಂದ ಗುರ್ಜರ ಮಹಾಸಭೆಯ ದೊಡ್ಡ ಮನುಷ್ಯರು ಬರುತ್ತಾರಂತೆ, ವಿಡಿಯೋ ತೆಗೆಯುತ್ತಾರಂತೆ. ಸೂರ್ಯನಿಂದ ಇಳಿದುಬಂದ ಶುದ್ಧ ಬೀಜದವರು ಮಾತ್ರ ಬಳ್ಳಿ ಹಿಡಿಯಬೇಕಂತೆ.

ಹಜಾರಿಗೆ ಲಾದುವಿನ ಹೊಲದ ಮೇಲೆ ಕಣ್ಣಿರಬೇಕು ಎಂದು ಮೊದಲು ಸಾಯರಿಗೆ ಅನ್ನಿಸಿತು. ವಿಚಾರಿಸಿದರೆ ಅದೂ ಇಲ್ಲ. ಹೊಲ ಪೋಖರನಿಗೇ ಇರಲಿ ಎಂದು ಹಜಾರಿ ಪಂಚರ ಮುಂದೆ ಹೇಳಿಬಿಟ್ಟಿದ್ದ. ಆಸೆಬುರುಕತನವಾಗಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು, ಆಸೆಗೆ ಕಣ್ಣು ಮೂಗು ಇರುತ್ತದೆ. ಇದು ಬರೀ ಪೊಳ್ಳು ಜಂಬ. ಸಾಯರಿಗೆ ಅವನ ಮೇಲಿದ್ದ ಅಷ್ಟಿಷ್ಟು ಮರ್ಯಾದೆಯೂ ಅವತ್ತೇ ಹೋಯಿತು.

ಹಬ್ಬಕ್ಕೆ ಎರಡು ದಿನ ಇರುವಾಗ ಹಜಾರಿ ಮಾಸ್ತರನನ್ನು ಜೊತೆಗೆ ಕರೆದುಕೊಂಡು ಅವಳ ಅಂಗಳಕ್ಕೆ ಬಂದ. ಅವಳು ಕುಕ್ಕರುಗಾಲಲ್ಲಿ ಕೂತು ಬೆರಣಿ ತಟ್ಟುತ್ತಿದ್ದಳು.

"ಕಾಕಿ, ಒಂದು ದಾರಿ ಇದೆ."

"ದಾರಿ ಇದ್ರೆ ಅದರಲ್ಲಿ ನಡಿ. ನನ್ನ ಅಂಗಳದಲ್ಲಿ ಯಾಕೆ ನಿಂತೆ?"

"ಸಿಟ್ಟಾಗ್ಬೇಡ. ನನಗೇನು ಪೋಖರನ ಮೇಲೆ ದ್ವೇಷವಾ? ನೀನು ನಾಲ್ಕು ಜನರ ಮುಂದೆ ಒಂದು ಮಾತು ಹೇಳಿಬಿಡು, ಅವನು ಲಾದು ಕಾಕಾನ ಮಗ ಅಂತ."

"ಮಗನೇ ತಾನೆ? ಇಲ್ಲ ಅಂದೋರು ಯಾರು?"

"ಹಂಗಲ್ಲ. ಹುಟ್ಟಿನಿಂದ." ಹಜಾರಿ ಕೆರವಿನ ತುದಿಯಿಂದ ನೆಲ ಕೆರೆದ. "ಅಂದ್ರೆ... ನೀನು ನಾತಾಕ್ಕೆ ಬರೋ ಮುಂಚೇನೇ, ಆ ಮನೇಲಿ ಇದ್ದಾಗ್ಲೇ... ನಿನಗೂ ಕಾಕಾನಿಗೂ..."

ಸಾಯರಿಯ ಕೈ ಸಗಣಿಯ ಮೇಲೆ ನಿಂತಿತು. ಮಾಸ್ತರ ಗಂಟಲು ಸರಿಮಾಡಿಕೊಂಡು, "ಇತಿಹಾಸದಲ್ಲಿ ಇಂಥ ಉದಾಹರಣೆಗಳು ಬೇಕಾದಷ್ಟು ಸಿಗ್ತವೆ ಮಾತಾಜಿ, ತಪ್ಪು ತಿಳ್ಕೋಬೇಡಿ," ಅಂದ.

"ಅಂದ್ರೆ ನಿಮ್ಮ ರಕ್ತ ಶುದ್ಧ ಆಗ್ಬೇಕಾದ್ರೆ ನಾನು ಹಾದರ ಮಾಡಿರ್ಬೇಕು."

"ಆ ಪದ ಯಾರೂ ಬರೆಯಲ್ಲ ಕಾಕಿ," ಅಂದ ಹಜಾರಿ, ದೊಡ್ಡ ಉಪಕಾರ ಮಾಡಿದವನ ಹಾಗೆ.

"ಹೋಗಿ ಇಬ್ಬರೂ. ಬೆರಣಿಗೆ ಬಿಸಿಲು ಬೇಕು, ಅಡ್ಡ ನಿಂತಿದ್ದೀರಿ."

ಅವರು ಹೋದರು. ಆದರೆ ಹೊರಗೆ ಕಟ್ಟೆಯ ಮೇಲೆ ಪೋಖರನನ್ನು ಹಿಡಿದು ಅದೇ ಮಾತು ಹೇಳಿಯೇ ಹೋದರು. ಸಂಜೆ ರೊಟ್ಟಿ ತಿನ್ನುವಾಗ ಪೋಖರ ತಲೆಯೆತ್ತಲಿಲ್ಲ. ಅವನು ಒಳ್ಳೆಯ ಆಳು, ಎಮ್ಮೆಗಳಿಗೆ ಅವನೆಂದರೆ ಪ್ರಾಣ. ಜನರ ಎದುರು ಮಾತ್ರ ಎಂದೂ ದನಿ ಏರಿಸಿದವನಲ್ಲ.

"ಹೇಳಿಬಿಡವ್ವಾ," ಅಂದ.

"ಏನನ್ನ?"

"ಅದೇ. ನಿನಗೂ ವಯಸ್ಸಾಯ್ತು. ಈಗ ಯಾರು ಏನಂತಾರೆ?"

"ವಯಸ್ಸಾದ್ರೆ ಮಾನ ಹಲ್ಲಿನ ಥರ ಉದುರಿಹೋಗತ್ತೇನೋ?" ಸಾಯರಿ ಹಂಚಿನ ಮೇಲಿನ ರೊಟ್ಟಿಯನ್ನು ಕೈಯಲ್ಲೇ ತಿರುವಿದಳು. "ನಿಮ್ಮವ್ವ ಗಂಡನ ಮನೇಲಿದ್ದು ಇನ್ನೊಬ್ಬನ ಕೂಸು ಹೆತ್ತವಳು ಅಂತ ಆ ಮಾಸ್ತರ ಬರ್ಕೊಳ್ಳಲಿ, ವಿಡಿಯೋದಲ್ಲಿ ಬರಲಿ, ನೀನು ಬಳ್ಳಿ ಹಿಡ್ಕೊಂಡು ಹಲ್ಲು ಕಿರಿ. ಥೂ."

"ಅಪ್ಪ ನೀರಿಲ್ಲದೆ ನಿಂತಿರ್ತಾನಲ್ಲವ್ವಾ," ಅಂದ ಪೋಖರ. ಅಷ್ಟು ದೊಡ್ಡ ಗಂಡಸು ತಟ್ಟೆಯ ಮುಂದೆ ಕೂತು ಮೂಗು ಒರೆಸಿಕೊಂಡ. "ಎಲ್ಲರೂ ತಮ್ಮ ತಮ್ಮ ಪಾಲು ತಿಂತಿರ್ತಾರೆ. ಅಪ್ಪ ದಡದಲ್ಲಿ ಕೈ ಕಟ್ಟಿಕೊಂಡು ನೋಡ್ತಿರ್ತಾನೆ."

ಆ ಮಾತು ಸಾಯರಿಗೆ ನಾಟಿತು. ಲಾದು ಊಟಕ್ಕೆ ಕರೆಯದೆ ಎಂದೂ ಬಂದು ಕೂತವನಲ್ಲ. ಕರೆಯುವುದು ಮರೆತರೆ ಅಂಗಳದಲ್ಲೇ ನಿಂತು ಎಮ್ಮೆಯ ಬೆನ್ನು ಸವರುತ್ತಿದ್ದ. ಅಂಥವನನ್ನು ಸತ್ತ ಮೇಲೂ ಹಾಗೆ ನಿಲ್ಲಿಸುವುದೇ? ಹಬ್ಬದ ಬೆಳಿಗ್ಗೆ ಖೀರು ಕಾಯಿಸಿ, ಚೂರ್ಮಾ ಕಟ್ಟಿ, ತಟ್ಟೆಗೆ ಬಟ್ಟೆ ಮುಚ್ಚಿದಳು.

"ನಡಿ. ಹೇಳ್ತೀನಿ," ಅಂದಳು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಕೆರೆಯ ಏರಿಯ ಮೇಲೆ ಶಾಮಿಯಾನ ಹಾಕಿದ್ದರು. ಸತ್ತವರಿಗೆ ನೀರು ಬಿಡುವುದಕ್ಕೆ ಪ್ಲಾಸ್ಟಿಕ್ ಕುರ್ಚಿ, ಮೈಕು! ಜೈಪುರದ ಮೂವರು ಬಿಳಿ ಬಟ್ಟೆಯವರು ಎಳನೀರು ಹೀರುತ್ತ ಕೂತಿದ್ದರು. ಗಂಡಸರು ನೀರಿಗಿಳಿಯಲು ಸಾಲಾಗಿ ನಿಂತಿದ್ದರು, ಎಲ್ಲರಿಗಿಂತ ಮುಂದೆ ಉಗಮಾ ಬಾಬಾ. ಆ ಕುಲಕ್ಕೆ ಅವನೇ ಹಿರಿಯ, ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಹೆಂಗಸರು ಪದ್ಧತಿಯಂತೆ ಮುಖದ ಮೇಲೆ ಸೆರಗೆಳೆದುಕೊಂಡು ಏರಿಯ ಮೇಲೆ ತಟ್ಟೆ ಹಿಡಿದು ನಿಂತಿದ್ದರು. ಪೋಖರ ತಾನು ಹೊಸೆದು ತಂದ ಬಳ್ಳಿಯನ್ನು ಹಜಾರಿಯ ಮನೆಯ ಬಳ್ಳಿಗೆ ಗಂಟು ಹಾಕಲು ಹೋದ. ಹಜಾರಿ ಅದನ್ನು ಅವನ ಕೈಯಿಂದ ತೆಗೆದು ಕಾಲ ಬಳಿ ಕೆಸರಿನಲ್ಲಿ ಹಾಕಿದ.

"ತಡಿಯೋ. ಮೊದಲು ಕಾಕಿ ಮಾತು ಆಗಲಿ." ಆಮೇಲೆ ಏರಿಯ ಕಡೆ ತಿರುಗಿ, ಮೈಕಿನಲ್ಲಿ, "ಸಾಯರಿ ಕಾಕಿ ಒಂದು ಸತ್ಯ ಹೇಳ್ತಾಳೆ. ಎಲ್ಲರೂ ಕೇಳಿ. ಬಾ ಕಾಕಿ, ಮುಂದೆ ಬಾ. ಸ್ವಲ್ಪ ಜೋರಾಗಿ ಹೇಳು, ವಿಡಿಯೋದಲ್ಲಿ ಬರಬೇಕು."

ಸಾಯರಿ ನಿಜವಾಗಿಯೂ ಹೇಳಲೆಂದೇ ಮುಂದೆ ಬಂದಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೆಸರಿನಲ್ಲಿ ಬಿದ್ದ ಬಳ್ಳಿಯನ್ನು ನೋಡಿದಳು, ಜೋರಾಗಿ ಎಂಬ ಮಾತು ಕೇಳಿದಳು, ಒಳಗಿದ್ದ ಹೇಸಿಗೆಯೆಲ್ಲ ತನ್ನನ್ನು ಬಿಟ್ಟು ಹಜಾರಿಯ ಕಡೆ ತಿರುಗಿತು.

ಸೆರಗಿನ ಒಳಗಿಂದಲೇ ಮಾತಾಡಿದಳು. ಮೈಕು ಬೇಕಾಗಲಿಲ್ಲ.

"ಉಗಮಾ ಬಾಬಾ, ನಮಸ್ಕಾರ. ನಮ್ಮ ಹಜಾರಿ ಹೇಳ್ತಾನೆ, ನಾನೊಂದು ಮಾತು ಅಂದ್ರೆ ಪೋಖರ ಸೂರ್ಯವಂಶದವನಾಗ್ತಾನಂತೆ. ಲಾದು ಸಾಕಿದ್ದು ಲೆಕ್ಕಕ್ಕಿಲ್ಲ, ಚಿತೆಗೆ ಬೆಂಕಿ ಇಟ್ಟದ್ದು ಲೆಕ್ಕಕ್ಕಿಲ್ಲ, ನನ್ನ ಬಾಯಿಮಾತೇ ಸಾಕಂತೆ. ಆಗಲಿ. ಅಷ್ಟು ದೊಡ್ಡ ಗೋಡೆ ನಿಂತಿರೋದು ಹೆಂಗಸರ ಬಾಯಿಮಾತಿನ ಮೇಲೆ ಅಂತ ಈಗ ಗೊತ್ತಾಯ್ತು. ಮಾಸ್ತರ್, ಬರ್ಕೊಳ್ಳಿ."

ಮಾಸ್ತರ ಗಡಿಬಿಡಿಯಿಂದ ಪೆನ್ನು ತೆಗೆದ.

"ಆದ್ರೆ ಹಿರೀತನ ಅಂತ ಒಂದಿದೆ. ಲಾದು ಚಿಕ್ಕವನು, ಅವನ ಅಣ್ಣನ ಮನೆ ಮೊದಲು ಬರಬೇಕು. ಅಣ್ಣನ ಹೆಂಡತಿ, ಈ ಹಜಾರಿ ತಾಯಿ, ಈಗ ಇಲ್ಲ. ಸಾಯೋವಾಗ ಅವಳ ತಲೆ ನನ್ನ ತೊಡೆ ಮೇಲಿತ್ತು. ಬೇರೆ ಯಾರೂ ಇರಲಿಲ್ಲ. ಕೊನೇಲಿ ಅವಳು ನನಗೊಂದು ಮಾತು ಹೇಳಿ ಹೋದಳು, ಇವತ್ತಿನವರೆಗೂ ನಾನು ಯಾರ ಹತ್ತಿರಾನೂ ಬಾಯಿ ಬಿಟ್ಟಿಲ್ಲ. ಮೊದಲು ಅದನ್ನ ಹೇಳ್ತೀನಿ, ಆಮೇಲೆ ನಂದು. ಹೇಳ್ಲೇನೋ ಹಜಾರಿ?"

ಎಳನೀರು ಹೀರುವ ಸದ್ದು ನಿಂತಿತು. ಹಜಾರಿಯ ಕೈಯಲ್ಲಿದ್ದ ಮೈಕು ನಿಧಾನವಾಗಿ ಕೆಳಗಿಳಿಯಿತು. ಅವನ ಮುಖದಿಂದ ಗೋಡೆಯ ಚಕ್ರವರ್ತಿಗಳೆಲ್ಲ ಒಬ್ಬೊಬ್ಬರಾಗಿ ಇಳಿದುಹೋಗುವುದನ್ನು ಊರೇ ನೋಡಿತು.

"ಹೇಳಲಿ ಬಿಡೋ," ಅಂದ ಉಗಮಾ ಬಾಬಾ ಬೊಚ್ಚುಬಾಯಿ ಅಗಲಿಸಿ. "ನನಗೂ ಹೋಗೋ ವಯಸ್ಸು, ಕೇಳಿಯೇ ಹೋಗ್ತೀನಿ."

"ಬೇಡ," ಅಂದ ಹಜಾರಿ. "ಹೊತ್ತಾಯ್ತು. ಬಿಸಿಲೇರ್ತಾ ಇದೆ. ಅತಿಥಿಗಳು ಕಾಯ್ತಿದ್ದಾರೆ."

"ನಂದಾದ್ರೂ ಹೇಳ್ಲಾ ಹಂಗಾದ್ರೆ?"

"ಏನೂ ಬೇಡ ಕಾಕಿ. ಪೋಖರ, ಬಾರೋ, ಹಿಡ್ಕೋ."

ಹಜಾರಿ ತಾನೇ ಬಗ್ಗಿ ಕೆಸರಿನಿಂದ ಬಳ್ಳಿ ಎತ್ತಿ, ನೀರಿನಲ್ಲಿ ಜಾಲಿಸಿ, ತನ್ನ ಮನೆಯ ಬಳ್ಳಿಗೆ ಗಂಟು ಹಾಕಿದ. ಗಂಟು ಎರಡು ಸಲ ಜಾರಿತು. ಗಂಡಸರೆಲ್ಲ ನೀರಿಗಿಳಿದರು, ಬಳ್ಳಿ ಮುಳುಗಿತು. ಪೋಖರ ಎದೆಯುದ್ದ ನೀರಿನಲ್ಲಿ ನಿಂತು ಖೀರು ಬಿಟ್ಟು, ಉಳಿದ ಎಲ್ಲರಿಗಿಂತ ಜೋರಾಗಿ ಲಾದುವಿನ ಹೆಸರು ಕೂಗಿದ. ಅಷ್ಟು ದೊಡ್ಡ ದನಿ ಅವನ ಒಳಗಿದೆಯೆಂದು ಹೆತ್ತವಳಿಗೂ ಗೊತ್ತಿರಲಿಲ್ಲ. ಮೀನುಗಳು ಮೇಲೆದ್ದು ಬಂದು ತಿಂದವು. ಸಾಯರಿ ಸೆರಗಿನೊಳಗೇ ಕಣ್ಣೊರೆಸಿಕೊಂಡಳು.

ಸಂಜೆ ಹೊಸಿಲಿಗೆ ದೀಪ ಇಡುವ ಹೊತ್ತಿಗೆ ಹಜಾರಿ ಒಬ್ಬನೇ ಬಂದ. ತಲೆಯ ಮೇಲೆ ಪೇಟವಿರಲಿಲ್ಲ. ಬೆಳಗ್ಗೆಯಿಂದ ಊರಿನ ಕಟ್ಟೆಗಳ ಮೇಲೆ ಅದೊಂದೇ ಮಾತಾಗಿತ್ತು. ಅವನು ದಾಟಿಹೋದ ಕಡೆಯೆಲ್ಲ ಬೆನ್ನ ಹಿಂದೆ ಮಾತು ನಿಂತು, ಆಮೇಲೆ ನಗು ಹುಟ್ಟುತ್ತಿತ್ತು. ಜೈಪುರದವರು ಊಟಕ್ಕೂ ನಿಲ್ಲದೆ ಕಾರು ಹತ್ತಿದ್ದರು.

"ಕಾಕಿ. ಬಾಯಿ ಏನು ಹೇಳಿದ್ಲು?" ತಾಯಿಯನ್ನು ಅವನು ಬಾಯಿ ಎಂದೇ ಕರೆಯುತ್ತಿದ್ದ.

"ಎಮ್ಮೆ ಹಾಲು ಹಿಂಡಿದ್ರಾ ಅಂತ ಕೇಳಿದ್ಲು."

"ತಮಾಷೆ ಬೇಡ."

"ತಮಾಷೆ ಅಲ್ವೋ. ಆ ಬೋಳುಕೊಂಬಿನ ಎಮ್ಮೆ ಅವಳ ಹೊರತು ಯಾರಿಗೂ ಹಾಲು ಬಿಡ್ತಿರಲಿಲ್ಲ. ಹಿಂಡಿದ್ರಾ ಅಂದ್ಲು, ಹೂಂ ಅಂದೆ. ಕಣ್ಣು ಮುಚ್ಚಿದ್ಲು. ಅಷ್ಟೇ."

ಅದು ಅಪ್ಪಟ ನಿಜ. ಹಜಾರಿಯ ತಾಯಿ ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಿರಲಿಲ್ಲ. ಆದರೆ ಸೂರ್ಯ ತನ್ನ ಮುತ್ತಜ್ಜ ಎಂದು ಯಾವನೋ ಮಾಸ್ತರ ಹೇಳಿದಾಗ ಹಿಂದೆಮುಂದೆ ನೋಡದೆ ನುಂಗಿದ್ದ ಮನುಷ್ಯನಿಗೆ ಈ ಎಮ್ಮೆ ಗಂಟಲಲ್ಲಿ ಇಳಿಯಲಿಲ್ಲ.

"ಅದನ್ನ ಯಾರ ಹತ್ತಿರಾನೂ ಹೇಳದೆ ಇಷ್ಟು ವರ್ಷ ಇಟ್ಕೊಂಡಿದ್ಯಾ?"

"ಯಾರೂ ಕೇಳಲಿಲ್ಲ."

"ಆಣೆ ಇಡು."

"ಪೋಖರನ ತಲೆ ಮೇಲೆ ಆಣೆ."

"ನೋಡು, ತಕ್ಷಣ ಆಣೆ ಇಟ್ಟೆ. ಮುಚ್ಚಿಡೋದು ಇದ್ದೋರೇ ಹಂಗೆ ಆಣೆ ಇಡೋದು." ಅವನು ಹೊಸಿಲ ಪಕ್ಕ ಕುಸಿದು ಕೂತ. "ನನ್ನ ಮೂಗು ಯಾರ ಥರ ಇದೆ ಕಾಕಿ? ನಿಜ ಹೇಳು."

ಸಾಯರಿ ಹಣತೆ ಎತ್ತಿ ಅವನ ಮುಖಕ್ಕೆ ಹಿಡಿದಳು. ಅಗಲವಾದ ದಪ್ಪ ಮೂಗು, ಅಚ್ಚೊತ್ತಿದ ಹಾಗೆ ಅವನ ಅಪ್ಪನದೇ. ಅನುಮಾನಕ್ಕೆ ಎಡೆಯೇ ಇರಲಿಲ್ಲ.

"ನಿಮ್ಮಪ್ಪಂದೇ ಕಣೋ."

"ನೀನು ಹಂಗೇ ಹೇಳ್ಬೇಕಲ್ಲ," ಅಂದ ಹಜಾರಿ. ಆಮೇಲೆ ಅವಳ ಕಾಲಿನ ಹತ್ತಿರಕ್ಕೆ ಸರಿದು, ತಗ್ಗಿದ ದನಿಯಲ್ಲಿ, "ಕಾಕಿ, ಹೋಗಲಿ, ಏನಾದ್ರೂ ಇರಲಿ. ನೀನು ಎಲ್ಲರ ಮುಂದೆ ಒಂದು ಮಾತು ಹೇಳಿಬಿಡು. ಹಜಾರಿ ಅವರಪ್ಪನ ಮಗನೇ ಅಂತ. ನೀನು ಹೇಳಿದ್ರೆ ಊರು ನಂಬತ್ತೆ."

"ಎಲ್ಲಿ ಹೇಳ್ಲಿ?"

"ಅಲ್ಲೇ. ಕೆರೆ ಹತ್ತಿರ. ಎಲ್ಲರೂ ಸೇರಿರ್ಬೇಕು."

ಸಾಯರಿ ಅವನ ಬೋಳು ನೆತ್ತಿಯನ್ನು ನೋಡಿದಳು. ಹುಡುಕಿದರೂ ಅಯ್ಯೋ ಎಂಬ ಒಂದು ಎಳೆ ಅವಳೊಳಗೆ ಸಿಗಲಿಲ್ಲ.

"ಕೆರೆ ಹತ್ತಿರ ಎಲ್ಲರೂ ಸೇರೋದು ವರ್ಷಕ್ಕೊಂದೇ ಸಲ. ಬರೋ ದೀಪಾವಳಿಗೆ ನೆನಪು ಮಾಡು."

ಅವನು ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದಳು. ಬರಲಿಲ್ಲ. ಎದ್ದು ನಿಂತು, ಕೈಮುಗಿದು, ಅವಳ ಮುಖವನ್ನೇ ಆಸೆಯಿಂದ ನೋಡಿದ.

"ಅಲ್ಲೀತನಕ ಬದುಕಿರ್ತೀಯಲ್ಲ ಕಾಕಿ?"

"ನೋಡೋಣ," ಅಂದಳು ಸಾಯರಿ. ಹಣತೆಯನ್ನು ಹೊಸಿಲ ಮೇಲಿಟ್ಟು ಒಳಗೆ ಹೋದಳು.